ಬೇಕರಿಯವನು ಮಾಡಿದ ಬಾಣಂತನ

ಬಿಸಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ನಮ್ಮ ತಂದೆ ಬೇಕರಿ ನಡೆಸುತ್ತಿದ್ದರು, ಅವರ ನಂತರ ನಾನು ನಡೆಸುತ್ತಿದ್ದೇನೆ. ನಾದಿಟ್ಟ ಹಿಟ್ಟು ಯಾವಾಗ ಉಬ್ಬುತ್ತದೆ, ಒಲೆಯೊಳಗಿನ ಬ್ರೆಡ್ಡು ಯಾವ ಗಳಿಗೆಯಲ್ಲಿ ಕೆಂಪಗಾಗುತ್ತದೆ ಎಂಬುದನ್ನು ಗಡಿಯಾರ ನೋಡದೆ ಹೇಳಬಲ್ಲೆ. ಥರ್ಮಾಮೀಟರನ್ನು ಇವತ್ತಿನವರೆಗೂ ಕೊಂಡವನಲ್ಲ. ನನ್ನ ಬಲ ಮೊಣಕೈಯನ್ನು ನೀರಿಗೆ ತಾಗಿಸಿದರೆ ಸಾಕು, ಈಸ್ಟಿಗೆ ಅದು ಹದವೋ ಅಲ್ಲವೋ ಗೊತ್ತಾಗಿಬಿಡುತ್ತದೆ. ಇಂಥ ಮೊಣಕೈಯನ್ನು ಹೊತ್ತ ಮನುಷ್ಯ ಯಃಕಶ್ಚಿತ್ ಒಂದು ಟಬ್ ನೀರನ್ನು ನೋಡಿಕೊಳ್ಳಲಾರನೇ? ನೋಡಿಕೊಳ್ಳುತ್ತೇನೆ ಎಂದು ಎದೆ ತಟ್ಟಿ ಹೇಳಿದೆ. ಅದೇ ಎದೆಯನ್ನು ಆಮೇಲೆ ಹಲವು ಸಲ ಬಡಿದುಕೊಳ್ಳಬೇಕಾಗಿ ಬಂತು.

ನನ್ನ ಹೆಂಡತಿ ಊರಾಚೆಯ ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಮೀನಿನ ಮೊಟ್ಟೆಗಳನ್ನು ಕಾದು ಮರಿ ಮಾಡಿಸುವುದು, ಮರಿಗಳು ಬೆರಳುದ್ದ ಆಗುವವರೆಗೆ ಸಾಕಿ ಹೊಳೆ ಹಳ್ಳಗಳಿಗೆ ಬಿಡುವುದು ಅವಳ ಕೆಲಸ. ನಾನು ಹಿಟ್ಟಿನವನು, ಅವಳು ನೀರಿನವಳು. ಹದವಾಗಿ ಬೆರೆತರೆ ಸಂಸಾರ, ಹದ ತಪ್ಪಿದರೆ ಬರೀ ಅಂಟು. ಮದುವೆಯಾದ ಮೇಲೆ ಎರಡನ್ನೂ ನೋಡಿದ್ದೇವೆ.

ಒಂದು ಸಂಜೆ ಅವಳು ಕೇಂದ್ರದ ಜೀಪಿನಲ್ಲಿ ಬಂದಿಳಿದಳು. ಎರಡೂ ಕೈಯಲ್ಲಿ ಅಗಲವಾದ ಒಂದು ಬಿಳಿ ಟಬ್. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವಳಂತೆ ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದಳು.

"ಏನಿದು?" ಎಂದೆ.

"ಮೊಟ್ಟೆ."

"ಬೇಕರಿಗೆ ಮೊಟ್ಟೆ ಬೇಕಿತ್ತು ನಿಜ. ಆದ್ರೆ ಇವು ಯಾವ ಕೋಳಿಯವು? ಕಣ್ಣಿಗೇ ಕಾಣಿಸ್ತಿಲ್ವಲ್ಲ."

"ರೀ, ಇವತ್ತು ತಮಾಷೆ ಬೇಡ. ಸ್ವಲ್ಪ ದಾರಿ ಬಿಡಿ."

ಕೇಂದ್ರದಲ್ಲಿ ನೀರನ್ನು ತಂಪು ಮಾಡುವ ಯಂತ್ರ ಕೆಟ್ಟುಹೋಗಿತ್ತು. ಅದರ ಬಿಡಿಭಾಗ ಬೇರೆ ಊರಿನಿಂದ ಬರಬೇಕು. ಅಲ್ಲಿಯವರೆಗೆ ಮೊಟ್ಟೆಗಳು ಉಳಿಯಬೇಕಲ್ಲ? ಅಲ್ಲಿಯ ದೊಡ್ಡ ಮೇಡಂ ಅವನ್ನು ಮೂರು ಪಾಲು ಮಾಡಿ, ತಂಪು ಕೋಣೆ ಇರುವವರ ಮನೆಗೆ ಕಳಿಸಿದ್ದರು. ಒಂದು ಪಾಲು ಕೇಂದ್ರದ ಲೆಕ್ಕ ಬರೆಯುವವರ ಮನೆಯ ನೆಲಮಾಳಿಗೆಗೆ, ಒಂದು ಕಾವಲುಗಾರನ ಮನೆಯ ಹಿಂಭಾಗದ ಕೋಣೆಗೆ, ಎಲ್ಲಕ್ಕಿಂತ ದೊಡ್ಡ ಪಾಲು ನಮ್ಮ ಮನೆಗೆ. ನಮ್ಮ ಮನೆಯಲ್ಲಿ ತಂಪು ಎಲ್ಲಿಂದ ಬರಬೇಕು? ಮುಂದೆ ಬೇಕರಿ, ಗೋಡೆಗೆ ಒರಗಿಕೊಂಡು ಒಲೆ, ಮೇಲೆ ಹೊಗೆಗೂಡು. ಬಿಸಿಲು ಮುಟ್ಟದೆ, ಒಲೆಯೂ ತಟ್ಟದೆ ಉಳಿದ ಜಾಗ ಒಂದೇ ಒಂದು. ಅದು ಬಚ್ಚಲು.

ಟಬ್ಬನ್ನು ಬಚ್ಚಲಿನ ಮಧ್ಯದಲ್ಲಿಟ್ಟು, ನೀರಿನೊಳಗೆ ಗುಳ್ಳೆ ಬಿಡುವ ಪುಟ್ಟ ಗಾಳಿ ಮೋಟರನ್ನು ಜೋಡಿಸಿ, ಅವಳು ನನಗೆ ಗಿಣಿಗೆ ಹೇಳಿದ ಹಾಗೆ ಹೇಳಿದಳು.

"ಈ ಕೋಣೇಲಿ ಬಿಸಿನೀರು ಕೂಡದು. ಸೋಪು ಕೂಡದು. ದೀಪ ಹಾಕಕೂಡದು. ಈ ಮೋಟರ್ ನಿಲ್ಲಕೂಡದು. ನೀರಿಗೆ ನಾನೊಬ್ಬಳು ಬಿಟ್ಟು ಯಾರೂ ಕೈ ಹಾಕಕೂಡದು."

"ಮೊಣಕೈ?"

"ಅದೂ ಕೈಯೇ."

"ಮತ್ತೆ ಸ್ನಾನ?" ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ಅದು ನನ್ನ ಅತ್ತೆಯದು. ಹೆಂಡತಿಯ ತಾಯಿ. ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೆ ಮಂಡಿನೋವು, ಅದಕ್ಕೆ ದಿನಾ ಹಬೆಯಾಡುವ ಬಿಸಿನೀರು ಸುರಿದುಕೊಳ್ಳುವುದೇ ಔಷಧಿ. ಮಧ್ಯಾಹ್ನದ ಹೊತ್ತು ಬೇಕರಿಯ ಗಲ್ಲಾದಲ್ಲಿ ಅವರೇ ಕೂರುತ್ತಾರೆ, ಹಾಗಾಗಿ ನಮ್ಮ ಮನೆಯ ಸುದ್ದಿ ಬ್ರೆಡ್ಡಿಗಿಂತ ಬಿಸಿಯಾಗಿ ಬೀದಿ ತಲುಪುತ್ತದೆ.

"ಮೊಟ್ಟೆ ಒಡೆಯೋವರೆಗೆ ಸ್ವಲ್ಪ ಸುಧಾರಿಸ್ಕೋ ಅಮ್ಮ. ಮರಿಯಾದ್ಮೇಲೆ ಕೇಂದ್ರಕ್ಕೆ ತಗೊಂಡು ಹೋಗ್ತೀನಿ."

"ಎಷ್ಟು ದಿನ ಆಗುತ್ತೆ?"

"ತಂಪು ನೀರಲ್ಲಿ ನಿಧಾನ. ಅವಕ್ಕೆ ಎಷ್ಟು ಬೇಕೋ ಅಷ್ಟು."

"ನನ್ನ ಮಂಡಿಗೆ ಎಷ್ಟು ಬೇಕು ಅಂತ ಯಾರು ಕೇಳ್ತಾರೆ?" ಎಂದು ಅತ್ತೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದರು.

ಆ ಸಂಜೆ ಊಟದ ಹೊತ್ತಿನಲ್ಲಿ ಹೆಂಡತಿ ವಿಷಯ ಬಿಡಿಸಿ ಹೇಳಿದಳು. ಇದು ಬೆಟ್ಟದ ಮೇಲಿನ ತಣ್ಣನೆಯ ಹಳ್ಳದಲ್ಲಿ ಮಾತ್ರ ಇರುವ ಮೀನು. ದೊಡ್ಡದಾದರೂ ಗೇಣುದ್ದ ದಾಟುವುದಿಲ್ಲ. ತಿನ್ನುವವರೂ ಇಲ್ಲ, ಮಾರುವವರೂ ಇಲ್ಲ, ಹಾಗಾಗಿ ಅದು ಕಡಿಮೆಯಾಗುತ್ತಿರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಳ್ಳದ ನೀರು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಿದೆ. ಇವಳು ಮಂಡಿಯುದ್ದ ನೀರಿನಲ್ಲಿ ಎಷ್ಟೋ ಸಲ ಹುಡುಕಾಡಿ ಬರಿಗೈಯಲ್ಲಿ ಬಂದಿದ್ದಳು. ಈ ಸಲ ಮೊಟ್ಟೆ ತುಂಬಿದ ಒಂದೇ ಒಂದು ಹೆಣ್ಣು ಸಿಕ್ಕಿತ್ತು.

"ಇವು ಉಳಿದ್ರೆ ಹಳ್ಳಕ್ಕೆ ಮತ್ತೆ ಮೀನು ಬಿಡಬಹುದು. ಹೋದ್ರೆ ಇನ್ನೊಂದು ಸಿಗುತ್ತೆ ಅಂತ ನನಗೆ ನಂಬಿಕೆ ಇಲ್ಲ ರೀ," ಎಂದಳು. ತಟ್ಟೆಯಲ್ಲಿದ್ದುದನ್ನು ಅವಳು ಅರ್ಧವೂ ತಿಂದಿರಲಿಲ್ಲ.

ನನ್ನ ಮನಸ್ಸು ಕರಗಿತು. ಕರಗಿದ್ದು ಮಾರನೇ ಬೆಳಿಗ್ಗೆ ಸ್ನಾನದ ಹೊತ್ತಿಗೆ ಮತ್ತೆ ಗಟ್ಟಿಯಾಯಿತು.

ಏಕೆಂದರೆ ನನ್ನ ಸ್ನಾನದ ಹೊಸ ಜಾಗ ಬೇಕರಿಯ ಹಿಂದಿನ ಪಾತ್ರೆ ತೊಳೆಯುವ ತೊಟ್ಟಿ. ತೊಟ್ಟಿಯಲ್ಲಿ ಒಂದು ಕಾಲು, ನೆಲದ ಮೇಲೆ ಒಂದು ಕಾಲು. ತಲೆಯ ಮೇಲಿನ ಹಲಗೆಯಲ್ಲಿ ಹಿಟ್ಟಿನ ಚೀಲ. ಮೊದಲ ದಿನವೇ ಆ ಚೀಲಕ್ಕೆ ತಲೆ ತಾಗಿತು. ಮೈಯೆಲ್ಲ ಒದ್ದೆ, ಮೇಲಿಂದ ಹಿಟ್ಟಿನ ಮಳೆ. ಕೊಳೆ ತೊಳೆಯಲು ಹೋದವನು ಒಲೆಗೆ ಹಾಕಲು ಸಿದ್ಧವಾಗಿ ಹೊರಗೆ ಬಂದೆ. ಅತ್ತೆಯಂತೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಗಲ್ಲಾದಲ್ಲಿ ಕುಳಿತು, ಬನ್ನು ಕೇಳಿದವರಿಗೆಲ್ಲ ಬನ್ನಿನ ಜೊತೆಗೆ ತಮ್ಮ ಮಂಡಿಯ ಕಥೆಯನ್ನು ಬಿಟ್ಟಿಯಾಗಿ ಕಟ್ಟಿಕೊಡುತ್ತಿದ್ದರು. "ನಮ್ಮ ಮನೇಲಿ ಈಗ ಮೀನಿಗೆ ಬಚ್ಚಲು, ಮನುಷ್ಯರಿಗೆ ಬಟ್ಟೆ," ಎನ್ನುತ್ತಿದ್ದರು.

ಹೀಗಿರುವಾಗ ಹೆಂಡತಿ ದೊಡ್ಡ ಮೇಡಂ ಜೊತೆ ಯಂತ್ರದ ಬಿಡಿಭಾಗ ತರಲು ಹೊರಟಳು. ನಾಳೆ ಮಧ್ಯಾಹ್ನ ಬರುತ್ತೇನೆ ಎಂದಳು. ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಹೋಗಿ ಟಬ್ ನೋಡಿ ಬಂದಳು.

"ನೀವು ನೋಡ್ಕೋತೀರಾ?"

"ನಿಶ್ಚಿಂತೆಯಿಂದ ಹೋಗಿ ಬಾ. ಹಿಟ್ಟು ಕಾದವನಿಗೆ ಮೊಟ್ಟೆ ಕಾಯೋದು ಯಾವ ಲೆಕ್ಕ?"

"ಕಾಯಬೇಡಿ. ಸುಮ್ನೆ ಇರಿ, ಅಷ್ಟು ಸಾಕು."

ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವಳ ಜೀಪು ತಿರುವು ದಾಟುತ್ತಲೇ ಅತ್ತೆ ನನ್ನ ಪಕ್ಕಕ್ಕೆ ಬಂದು ನಿಂತರು.

"ಅಳಿಯಂದಿರೇ, ಒಂದು ಮಾತು ಕೇಳ್ಲಾ?"

"ಕೇಳಿ ಅತ್ತೆ."

"ಚಳಿ ಇದ್ದಾಗ ನಿಮ್ಮ ಹಿಟ್ಟು ಉಬ್ಬದೆ ಕೂತ್ರೆ ಏನ್ ಮಾಡ್ತೀರಿ?"

"ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಇಡ್ತೀನಿ. ಮೇಲೊಂದು ಒದ್ದೆ ಬಟ್ಟೆ ಮುಚ್ತೀನಿ. ಗಾಳಿ ಆಡದ ಹಾಗೆ ಬಾಗಿಲು ಹಾಕ್ತೀನಿ. ನೋಡ್ತಾ ನೋಡ್ತಾ ಎರಡರಷ್ಟಾಗುತ್ತೆ."

"ಹೌದಾ," ಎಂದರು ಅತ್ತೆ. ಬಚ್ಚಲಿನ ಬಾಗಿಲನ್ನು ಒಂದು ಸಲ ನೋಡಿದರು. ತಮ್ಮ ಮಂಡಿಯನ್ನು ಒಂದು ಸಲ ನೀವಿಕೊಂಡರು. ಆಮೇಲೆ ಗಲ್ಲಾಕ್ಕೆ ಹೋಗಿ ಕುಳಿತರು. ಮುಂದೆ ಒಂದೇ ಒಂದು ಮಾತು ಆಡಲಿಲ್ಲ. ನನ್ನ ಅತ್ತೆ ವಕೀಲೆಯಾಗಬೇಕಿತ್ತು.

ನನ್ನ ತಲೆಯಲ್ಲಿ ಈಸ್ಟ್ ಬಿದ್ದಂತಾಯಿತು, ವಿಚಾರ ಉಬ್ಬತೊಡಗಿತು. ತಂಪಿನಲ್ಲಿ ನಿಧಾನವಾದರೆ ಬೆಚ್ಚಗಿದ್ದಲ್ಲಿ ಬೇಗ. ಬೇಗ ಒಡೆದರೆ ಹೆಂಡತಿಗೆ ಸಂತೋಷ, ಅತ್ತೆಗೆ ಸ್ನಾನ, ನನಗೆ ಎರಡೂ ಕಾಲಿಗೆ ಜಾಗ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಬಿಸಿನೀರು ಕೂಡದು ಎಂದಿದ್ದಳು ನಿಜ. ಆದರೆ ನಾನು ಟಬ್ಬಿನೊಳಗೆ ಎಲ್ಲಿ ಹುಯ್ದೆ? ಟಬ್ಬಿನ ಸುತ್ತ ಪಾತ್ರೆಗಳಲ್ಲಿ ಇಟ್ಟೆ, ಅಷ್ಟೆ. ಆರಿದಂತೆಲ್ಲ ಒಲೆಯ ಮೇಲಿನಿಂದ ಹೊಸದು ತಂದಿಟ್ಟೆ. ಮೊಣಕೈಯೂ ಕೈಯೇ ಎಂದಿದ್ದಳು, ಅದೊಂದನ್ನು ಮಾತ್ರ ಮೀರಿ ತಾಗಿಸಿ ನೋಡಿದೆ. ಈಸ್ಟಿಗೆ ಹೇಳಿ ಮಾಡಿಸಿದ ಹದ. ಮೇಲೆ ಒದ್ದೆ ಬಟ್ಟೆ ಹೊದಿಸಿದೆ.

ಆ ಗಾಳಿ ಮೋಟರ್ ಮಾತ್ರ ನನ್ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಉಬ್ಬುವ ಹಿಟ್ಟಿಗೆ ಗಾಳಿ ತಾಗಿದರೆ ಮೇಲೆ ಒಣಪದರ ಕಟ್ಟುತ್ತದೆ, ಇದು ಬೇಕರಿಯಲ್ಲಿ ಕಲಿಯುವ ಮೊದಲ ಪಾಠ. ಇಲ್ಲಿ ನೋಡಿದರೆ ಹೊತ್ತುಗೊತ್ತಿಲ್ಲದೆ ಬುಳುಬುಳು ಗಾಳಿ ಊದುತ್ತಿದ್ದಾರೆ. ಓದಿದವರಿಗೆ ಇಷ್ಟೂ ತಿಳಿಯದೇ ಎಂದು ಮರುಕಪಟ್ಟು ಅದರ ಸ್ವಿಚ್ ಆರಿಸಿದೆ.

ಮಾರನೇ ದಿನ ಬೆಳಿಗ್ಗೆ ಬ್ರೆಡ್ಡಿನ ಮೊದಲ ಸುತ್ತು ಇಳಿಸಿ, ಬಚ್ಚಲಿಗೆ ಹೋಗಿ ಬಟ್ಟೆ ಎತ್ತಿದೆ. ಎತ್ತಿದವನು ಹಾಗೇ ನಿಂತುಬಿಟ್ಟೆ. ಟಬ್ಬಿನ ತಳದಲ್ಲಿ ಕೂದಲೆಳೆಯಂಥವು ನೂರಾರು, ಒಂದೊಂದಕ್ಕೂ ಎರಡೆರಡು ಕಪ್ಪು ಚುಕ್ಕೆ. ಮಿಸುಕುತ್ತಿದ್ದವು. ನಿನ್ನೆ ಸಾಬೂದಾಣಿಯ ಹಾಗೆ ಬಿದ್ದುಕೊಂಡಿದ್ದವು ಇವತ್ತು ಜೀವವಾಗಿ ಮಿಸುಕುತ್ತಿದ್ದವು. ಕೆಲವು ಮೊಟ್ಟೆಗಳು ಒಡೆಯದೆ ಬೆಳ್ಳಗಾಗಿ ಕುಳಿತಿದ್ದವು. ಅವು ಇನ್ನೇನು ಹದಕ್ಕೆ ಬಂದಿವೆ ಎಂದುಕೊಂಡೆ.

"ಅತ್ತೆ, ಆಯ್ತು," ಎಂದು ಕೂಗಿದೆ.

ಅತ್ತೆ ಮಂಡಿನೋವನ್ನು ಮರೆತು ಬಂದರು. ಕೈಯಲ್ಲಿ ಸೋಪಿನ ಡಬ್ಬಿ ಆಗಲೇ ಇತ್ತು.

ಮಧ್ಯಾಹ್ನ ಹೆಂಡತಿ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಜಂಬದ ಕೋಳಿಗೆ ಏಪ್ರನ್ ಕಟ್ಟಿದ್ದರೆ ಹೇಗಿರುತ್ತದೋ ಹಾಗಿದ್ದೆ.

"ನಿನ್ನ ಕೇಂದ್ರದವರೆಲ್ಲ ಸೇರಿ ಅಷ್ಟು ದಿನದಲ್ಲಿ ಮಾಡೋದನ್ನ ನಾನು ಒಂದೇ ದಿನದಲ್ಲಿ ಮಾಡಿದ್ದೀನಿ. ಹೋಗಿ ನೋಡು."

ಅವಳ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಒಳಗೆ ಓಡಿದಳು. ನಾನು ಹಿಂದೆ ಹೋದೆ. ಅವಳು ಮೊದಲು ಮಾಡಿದ ಕೆಲಸ ಮೋಟರಿನ ಸ್ವಿಚ್ ಹಾಕಿದ್ದು. ಎರಡನೆಯದು ಬಿಸಿನೀರಿನ ಪಾತ್ರೆಗಳನ್ನು ಒಂದೊಂದಾಗಿ ಹೊರಗಿಟ್ಟಿದ್ದು. ಆಮೇಲೆ ನೆಲದ ಮೇಲೆ ಕುಳಿತು ನೀರನ್ನೇ ನೋಡತೊಡಗಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳ ದಾಸ್ತಾನೇ ಇದೆ.

"ಆ ಬಿಳಿಯವೂ ಸಂಜೆಯೊಳಗೆ ಒಡೀತವೆ ಅನ್ಸುತ್ತೆ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬಿಳಿಯವು ಸತ್ತಿವೆ ರೀ."

ಹಿಂದೆ ನಿಂತಿದ್ದ ಅತ್ತೆ ಸೋಪಿನ ಡಬ್ಬಿಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡರು.

"ಉಳಿದವು ಹುಟ್ಟಿವೆಯಲ್ಲ?" ಎಂದೆ.

"ಹುಟ್ಟಿಲ್ಲ. ಓಡಿ ಬಂದಿವೆ." ಅವಳು ತನ್ನ ಚೀಲದಿಂದ ಭೂತಗನ್ನಡಿ ತೆಗೆದಳು. ಒಂದು ಮರಿಯನ್ನು ಗಾಜಿನ ಬಟ್ಟಲಿಗೆ ನೀರಿನ ಸಮೇತ ತೆಗೆದುಕೊಂಡು ಕಿಟಕಿಯ ಹತ್ತಿರ ಹಿಡಿದಳು. "ನೋಡಿ."

ನೋಡಿದೆ. ಓದುಗರೇ, ಇಲ್ಲಿ ಸ್ವಲ್ಪ ಹೊತ್ತು ನನ್ನಿಂದ ತಮಾಷೆ ಸಾಧ್ಯವಿಲ್ಲ.

ಆ ಮರಿಯ ಮೈ ಗಾಜಿನಂತಿತ್ತು. ಒಳಗಿರುವುದೆಲ್ಲ ಹೊರಗೆ ಕಾಣುತ್ತಿತ್ತು. ಬನ್ನಿನ ಮೇಲೆ ಉದುರಿಸುವ ಗಸಗಸೆಗಿಂತ ಚಿಕ್ಕದಾದ ಹೃದಯ ಟಪಟಪನೆ ಬಡಿಯುತ್ತಿತ್ತು. ಅಲ್ಲಿಂದ ಹೊರಟ ರಕ್ತ ಸಣ್ಣ ಸಣ್ಣ ಕಣಗಳಾಗಿ ಬೆನ್ನಿನುದ್ದಕ್ಕೂ ಓಡಿ, ಬಾಲದ ತುದಿಯಲ್ಲಿ ತಿರುಗಿ, ಮತ್ತೆ ಅಲ್ಲಿಗೇ ಬರುತ್ತಿತ್ತು. ಹೊಟ್ಟೆಯ ಕೆಳಗೆ ಹಳದಿ ಚೀಲವೊಂದು ಜೋತಾಡುತ್ತಿತ್ತು. ನಾನು ಲಕ್ಷಾಂತರ ಬ್ರೆಡ್ಡು ಮಾಡಿದ್ದೇನೆ, ಒಂದರೊಳಗೂ ಹೃದಯ ಇಟ್ಟವನಲ್ಲ. ಉಸಿರು ಬಿಟ್ಟರೆ ಅದಕ್ಕೆ ಎಲ್ಲಿ ತಾಗುತ್ತದೋ ಎಂದು ಉಸಿರನ್ನೂ ಬಿಗಿಹಿಡಿದೆ.

"ಆ ಹಳದಿ ಚೀಲ ಅದರ ಬುತ್ತಿ," ಎಂದಳು ಹೆಂಡತಿ. "ತಾಯಿ ಕಟ್ಟಿಕೊಟ್ಟಿದ್ದು. ತಂಪು ನೀರಲ್ಲಿ ನಿಧಾನವಾಗಿ ಅದನ್ನ ಮೈಗೆ ಮಾಡ್ಕೊಂಡು, ದೊಡ್ಡದಾಗಿ, ಗಟ್ಟಿಯಾಗಿ ಮೊಟ್ಟೆಯಿಂದ ಹೊರಗೆ ಬರಬೇಕಿತ್ತು. ನೀವು ಬಿಸಿ ಮಾಡಿದ್ರಿ. ಬಿಸಿಯಾದಷ್ಟೂ ಅದಕ್ಕೆ ಉಸಿರು ಜಾಸ್ತಿ ಬೇಕು, ನೀರಲ್ಲಿ ಉಸಿರು ಕಡಿಮೆ ಆಗುತ್ತೆ. ಮೇಲೆ ಮೋಟರ್ ಬೇರೆ ಆರಿಸಿದ್ರಿ. ಒಳಗೆ ಉಸಿರುಕಟ್ಟಿ, ಬೆಳೆಯೋದು ಮುಗಿಯೋಕೆ ಮುಂಚೇನೇ ಗೋಡೆ ಒಡ್ಕೊಂಡು ಈಚೆ ಬಂದಿವೆ. ಮನೆಗೆ ಬೆಂಕಿ ಬಿದ್ದಾಗ ಚಪ್ಪಲಿ ಬಿಟ್ಟು ಓಡಿ ಬಂದ ಹಾಗೆ."

ಬೇಗ ಮಾಡಿಸಿದೆ ಎಂದು ನಾನು ಹೆಮ್ಮೆಪಟ್ಟಿದ್ದು ಇದಕ್ಕೆ. ಬ್ರೆಡ್ಡಿನಲ್ಲೂ ಇದೇ ಆಗುತ್ತದೆ ಎಂದು ಆಗ ಹೊಳೆಯಿತು. ಅವಸರದ ಬಿಸಿಯಲ್ಲಿ ಉಬ್ಬಿಸಿದ ಹಿಟ್ಟು ನೋಡಲು ಎತ್ತರ, ಕೊಯ್ದರೆ ಒಳಗೆಲ್ಲ ತೂತು. ನಲವತ್ತು ಸಲ ಕೆಲಸಗಾರರಿಗೆ ಬೈದು ಹೇಳಿದ ಮಾತು ನನಗೆ ಬೇಕಾದಾಗ ನೆನಪಾಗಲಿಲ್ಲ.

"ನನಗೇನೂ ಗೊತ್ತಿಲ್ಲಮ್ಮ, ನಾನು ಗಲ್ಲಾದಲ್ಲಿದ್ದೆ," ಎಂದರು ಅತ್ತೆ, ಯಾರೂ ಕೇಳದಿದ್ದರೂ.

"ಐಸ್ ತರ್ಲಾ? ಐದೇ ನಿಮಿಷದಲ್ಲಿ ಮೊದಲಿನ ತಂಪಿಗೆ ತಂದುಬಿಡ್ತೀನಿ," ಎಂದೆ.

"ತನ್ನಿ. ಉಳಿದವನ್ನೂ ಸಾಯಿಸಿಬಿಡೋಣ." ಅವಳ ಧ್ವನಿ ಆಗ ಒಡೆಯಿತು. ಕಣ್ಣು ಒರೆಸಿಕೊಂಡಳು. "ಬಿಸಿಯಿಂದ ಒಮ್ಮೆಲೇ ತಂಪಿಗೆ ಬಂದ್ರೆ ತಡ್ಕೊಳ್ಳಲ್ಲ ಇವು. ಒಂದೊಂದೇ ಲೋಟ ತಂಪು ನೀರು ಹಾಕಬೇಕು. ಹಾಕಿ ಕಾಯಬೇಕು, ನೋಡಬೇಕು, ಮತ್ತೆ ಹಾಕಬೇಕು. ಅವಸರ ಮಾಡದೇ ಇರೋರು ಬೇಕು ಅದಕ್ಕೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆಯೇ ಕುಂಬಾರನ ಕೆಲಸಕ್ಕೆ ಕುಳಿತುಕೊಳ್ಳಬೇಕಾದ ದಿನ ಬಂದಿತ್ತು. ನಾನು ಹೊರಗೆ ಹೋಗಿ ಒಲೆ ಆರಿಸಿದೆ. ಅಪ್ಪನ ಕಾಲದಿಂದ ಹಗಲು ಹೊತ್ತಿನಲ್ಲಿ ಆರದ ಒಲೆ ಅದು. ಬೇಕರಿಯ ಬಾಗಿಲೆಳೆದು, ಏಪ್ರನ್ ಬಿಚ್ಚಿ, ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಕುಳಿತೆ. ಥರ್ಮಾಮೀಟರನ್ನು ಹೆಂಡತಿ ಕೈಗೆ ಕೊಟ್ಟಳು. ಮರು ಮಾತಾಡದೆ ತೆಗೆದುಕೊಂಡೆ.

ಲೋಟದ ನೀರನ್ನು ಟಬ್ಬಿನ ಅಂಚಿನಲ್ಲಿ ಸದ್ದಾಗದಂತೆ ಇಳಿಸುವುದು. ಗಾಜಿನ ಕಡ್ಡಿಯ ಗೆರೆ ನೋಡುವುದು. ಕಾಯುವುದು. ನನ್ನ ಅತ್ತೆ ತಪ್ಪೊಪ್ಪಿಕೊಳ್ಳುವ ಜಾತಿಯವರಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಅವರೂ ಕುರ್ಚಿ ಎಳೆದುಕೊಂಡು ಬಂದು ಬಾಗಿಲಲ್ಲಿ ಕುಳಿತರು. ಮಣ್ಣಿನ ಹೂಜಿಯಿಂದ ತಂಪು ನೀರನ್ನು ಲೋಟಕ್ಕೆ ಬಗ್ಗಿಸಿ ನನಗೆ ದಾಟಿಸತೊಡಗಿದರು. ಬಗ್ಗಿದಾಗಲೆಲ್ಲ ಮಂಡಿ ಲಟಕ್ಕೆನ್ನುತ್ತಿತ್ತು, ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರನ್ನು ಬಲ್ಲ ನನಗೆ ಅದು ಪವಾಡವೇ ಸರಿ.

"ಮಗಳೇ, ಹಸಿದಿರ್ತವೇನೋ," ಎಂದರು ಒಮ್ಮೆ.

ನನಗೂ ಹಾಗೇ ಅನ್ನಿಸಿತ್ತು. ಬೆಳಗಿನ ಬನ್ನಿನ ಮೆತ್ತನೆಯ ಒಳತಿರುಳನ್ನು ಪುಡಿಮಾಡಿ ಅಂಗೈಯಲ್ಲಿಟ್ಟುಕೊಂಡು ಸಮಯ ಕಾಯುತ್ತಿದ್ದೆ. ಹೆಂಡತಿ ನನ್ನ ಮುಷ್ಟಿಯನ್ನು ನೋಡಿದಳು.

"ಏನದು?"

"ಬನ್ನು. ಬೆಣ್ಣೆ ಹಾಕಿದ್ದು."

"ಅವಕ್ಕೆ ಇನ್ನೂ ಬಾಯೇ ಇಲ್ಲ ರೀ."

ಊರಿಗೆಲ್ಲ ತಿನ್ನಿಸಿದವನು ನಾನು. ಬಾಯಿಯೇ ಇಲ್ಲದ ಗಿರಾಕಿಯನ್ನು ಇದೇ ಮೊದಲು ಕಂಡಿದ್ದು. ಬನ್ನಿನ ಪುಡಿಯನ್ನು ನಾನೇ ತಿಂದೆ.

ಇತ್ತ ಬೇಕರಿ ಮುಚ್ಚಿದ್ದು ಬೀದಿಗೆ ದೊಡ್ಡ ಸುದ್ದಿಯಾಯಿತು. ಪರವೂರಿನಿಂದ ಅವತ್ತೇ ಮರಳಿದ್ದ, ಮೀನಿನ ಸುದ್ದಿ ಇನ್ನೂ ತಿಳಿಯದ ಎದುರು ಅಂಗಡಿಯ ದರ್ಜಿ ಬಂದು ಬಾಗಿಲು ಬಡಿದರು. ಎದ್ದು ಹೋದ ಅತ್ತೆ ಅವರಿಗೆ ಏನು ಹೇಳಿದರೆಂದು ನನಗೆ ಒಳಗಿನಿಂದಲೇ ಕೇಳಿಸಿತು. "ದಿನ ತುಂಬೋಕೆ ಮುಂಚೇನೇ ಆಗಿಬಿಟ್ಟಿದೆ. ಅವಳು ಅಳ್ತಾ ಕೂತಿದಾಳೆ. ಅಳಿಯಂದಿರು ಎದ್ದು ಆಚೆ ಬರ್ತಾನೇ ಇಲ್ಲ." ಒಂದಕ್ಷರವೂ ಸುಳ್ಳಲ್ಲ. ದರ್ಜಿ ಮರುಕದಿಂದ ಲೊಚಗುಟ್ಟಿ ಹೋದರು. ಸಂಜೆಗೆ ಮತ್ತೆ ಬಂದು, ಮೆತ್ತನೆಯ ಬಟ್ಟೆಯಲ್ಲಿ ಹೊಲಿದ ಎರಡು ಪುಟ್ಟ ಟೊಪ್ಪಿಗೆಗಳನ್ನು ಕೊಟ್ಟು, "ಮಗುವನ್ನ ಬೆಚ್ಚಗಿಡಿ," ಎಂದರು.

"ಇನ್ನೊಂದು ಸಲ ಆ ಮಾತು ಆಡಬೇಡಿ," ಎಂದು ನಾನು ಒಳಗಿನಿಂದ ಚೀರಿದೆ. ಅವರು ಇವತ್ತಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ನೀರು ತನ್ನ ಹಳೆಯ ತಂಪಿಗೆ ಬಂತು. ಕೆಲವು ಮರಿಗಳು ಹೋದವು, ಹೋದವುಗಳನ್ನು ಹೆಂಡತಿ ಒಂದೊಂದಾಗಿ ತೆಗೆದಳು. ಉಳಿದವು ತಳದಲ್ಲಿ ಮಲಗಿ ತಮ್ಮ ಬುತ್ತಿಯನ್ನು ಕರಗಿಸುತ್ತಿದ್ದವು. ಕೇಂದ್ರದ ಯಂತ್ರ ಸರಿಯಾಯಿತು. ಆದರೆ ಇಷ್ಟು ಎಳೆಯವನ್ನು ಕುಲುಕಿಸಿಕೊಂಡು ಹೋಗುವಂತಿಲ್ಲ, ಎದ್ದು ಈಜಲಿ ಎಂದಳು. ಈಗ ಬಚ್ಚಲು ಬೇಕು ಎಂದು ಯಾರೂ ಕೇಳಲಿಲ್ಲ. ನಾನು ಬೇಕರಿಯನ್ನು ಅರ್ಧ ಹೊತ್ತು ತೆರೆಯುತ್ತ, ಉಳಿದ ಹೊತ್ತು ಟಬ್ಬಿನ ಮುಂದೆ ಕೂರುತ್ತಿದ್ದೆ. ಬಾಲದ ತುದಿಗೆ ರೆಕ್ಕೆ ಮೂಡಿತು. ಕಣ್ಣಿಗೆ ಹೊಳಪು ಬಂತು. ತಲೆಯ ಕೆಳಗೆ ಸಣ್ಣದೊಂದು ಸೀಳು ತೆರೆದುಕೊಂಡಿತು. "ಅತ್ತೆ, ಬಾಯಿ ಬಂತು," ಎಂದು ನಾನು ಕರೆದರೆ ಅತ್ತೆ ಮುಖ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದರು.

ಬಾಯಿ ಬಂದ ದಿನ ಹೆಂಡತಿ ನನ್ನ ಹತ್ತಿರ ಈಸ್ಟ್ ಕೇಳಿದಳು. ನನ್ನ ಎದೆ ಮತ್ತೆ ಸ್ವಲ್ಪ ಉಬ್ಬಿತು.

"ಮರಿಗಳಿಗಾ?"

"ಅಲ್ಲ. ಮರಿಗಳು ತಿನ್ನೋ ಹುಳಗಳಿಗೆ."

ಊಟದ ಊಟಕ್ಕಾದರೂ ಆದೆನಲ್ಲ ಎಂದು ಸಮಾಧಾನಪಟ್ಟುಕೊಂಡು ದೊಡ್ಡ ಪೊಟ್ಟಣವನ್ನೇ ಕೊಟ್ಟೆ. ಅವಳು ಚಿಟಿಕೆಯಷ್ಟು ತೆಗೆದುಕೊಂಡು ಉಳಿದದ್ದನ್ನು ವಾಪಸ್ಸು ಕೊಟ್ಟಳು.

ಒಂದು ಮಧ್ಯಾಹ್ನ ಹೆಂಡತಿ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆಹೋಗಿದ್ದಳು. ನಾನು ಟಬ್ ನೋಡುತ್ತಿದ್ದೆ. ತಳದಲ್ಲಿದ್ದ ಒಂದು ಮರಿ ಬಾಲ ಬಡಿಯಿತು. ಮೇಲಕ್ಕೆದ್ದಿತು, ಬಿದ್ದಿತು. ಮತ್ತೆ ಎದ್ದಿತು. ಓರೆಯಾಗಿ, ಸುತ್ತುತ್ತ, ತನಗಿಂತ ಎಷ್ಟೋ ಪಾಲು ಎತ್ತರದ ನೀರನ್ನು ಏರಿ ಹೋಗಿ, ಮೇಲ್ಮೈಗೆ ಮೂತಿ ತಾಗಿಸಿ ಒಂದು ಗುಟುಕು ಗಾಳಿ ನುಂಗಿತು. ಅಷ್ಟೆ. ಅಲ್ಲಿಂದ ಅದು ಬೀಳಲಿಲ್ಲ, ನೀರಿನ ಮಧ್ಯದಲ್ಲಿ ನೇರವಾಗಿ ನಿಂತಿತು. ಅದನ್ನು ನೋಡಿತೋ ಎಂಬಂತೆ ಇನ್ನೊಂದು ಎದ್ದಿತು, ಮತ್ತೊಂದು ಎದ್ದಿತು. ಯಾರು ಹೇಳಿಕೊಟ್ಟರು ಇವಕ್ಕೆ? ತಾಯಿಯ ಮುಖ ನೋಡಿದವಲ್ಲ. ಹಳ್ಳ ಕಂಡವಲ್ಲ. ಉಸಿರುಕಟ್ಟಿಸಿ ಹೊರಗೆಳೆದ ಒಬ್ಬ ಬೇಕರಿಯವನನ್ನು ಬಿಟ್ಟರೆ ಈ ಲೋಕದಲ್ಲಿ ಯಾರನ್ನೂ ಬಲ್ಲವಲ್ಲ. ಆದರೂ ಬದುಕಲು ಎದ್ದು ನಿಂತಿದ್ದವು. ಹೆಂಡತಿಯ ಭುಜ ಮುಟ್ಟಿ ಎಬ್ಬಿಸಿದೆ, ಟಬ್ಬಿನ ಕಡೆ ಬೆರಳು ತೋರಿಸಿದೆ. ಅವಳು ನೋಡಿದಳು, ಆಮೇಲೆ ನನ್ನ ಹೆಗಲಿಗೆ ತಲೆ ಇಟ್ಟಳು. ಅವಳು ಹಾಗೆ ಮಾಡಿದ್ದು ಆ ದಿನಗಳಲ್ಲಿ ಅದೇ ಮೊದಲು.

ಮರಿಗಳು ಕೇಂದ್ರಕ್ಕೆ ಹೋದವು. ಅತ್ತೆ ಅವತ್ತು ಮಾಡಿದ ಸ್ನಾನದ ಹಬೆ ಬೀದಿಯ ಕೊನೆಯವರೆಗೂ ಹೋಯಿತು.

ಕೆಲವು ವಾರಗಳ ನಂತರ ನನಗೆ ತಡೆಯಲಾಗಲಿಲ್ಲ. ದೊಡ್ಡ ತಟ್ಟೆಯ ತುಂಬ ಬನ್ನು ಜೋಡಿಸಿಕೊಂಡು ಕೇಂದ್ರಕ್ಕೆ ಹೋದೆ. ಮೂರು ಮನೆಯ ಮರಿಗಳನ್ನು ಮೂರು ಗಾಜಿನ ತೊಟ್ಟಿಗಳಲ್ಲಿ ಸಾಲಾಗಿ ಇಟ್ಟಿದ್ದರು. ಒಂದೇ ತಾಯಿಯ ಮಕ್ಕಳು, ಒಂದೇ ದಿನದ ಮೊಟ್ಟೆಗಳು. ಆದರೆ ನೋಡಿದರೆ ಮೂರು ಬೇರೆ ಬೇರೆ ಜಾತಿ ಎನ್ನಬೇಕು. ಲೆಕ್ಕದವರ ನೆಲಮಾಳಿಗೆಯವು ಉದ್ದಕ್ಕೆ, ಮೈಕೈ ತುಂಬಿಕೊಂಡು ಗಂಭೀರವಾಗಿದ್ದವು. ಕಾವಲುಗಾರನ ಕೋಣೆಯವು ತಡವಾಗಿ ಹುಟ್ಟಿ ಇನ್ನೂ ಆಕಳಿಸುತ್ತಿರುವಂತಿದ್ದವು. ನಮ್ಮವು ಎಲ್ಲಕ್ಕಿಂತ ಮೊದಲು ಹುಟ್ಟಿಯೂ ಎಲ್ಲಕ್ಕಿಂತ ಗಿಡ್ಡ. ಆದರೆ ನೀರಿನ ಹರಿವಿಗೆ ಎದುರಾಗಿ ನಿಂತು ಬಾಲ ಬಡಿಯುತ್ತಿದ್ದವು.

"ಇನ್ನು ಮುಂದೆ ಚೆನ್ನಾಗಿ ತಿಂದು ಉಳಿದವರ ಸಮಕ್ಕೆ ಬರ್ತವೆ, ಅಲ್ವಾ?" ಎಂದು ಹೆಂಡತಿಯನ್ನು ಕೇಳಿದೆ.

"ಬದುಕ್ತವೆ. ಬೆಳೀತವೆ. ಆದ್ರೆ ಆ ಒಂದು ದಿನ ಮೈಯಿಂದ ಪೂರ್ತಿ ಹೋಗಲ್ಲ. ಮೀನಿನ ಬೆನ್ನುಮೂಳೆಯಲ್ಲಿ ಎಷ್ಟು ಮಣಿ ಇರಬೇಕು ಅನ್ನೋದು ಕೂಡ ಮೊಟ್ಟೆಯೊಳಗಿದ್ದಾಗ ನೀರು ಎಷ್ಟು ಬಿಸಿ ಇತ್ತು ಅನ್ನೋದರ ಮೇಲೆ ಹೆಚ್ಚು ಕಡಿಮೆ ಆಗುತ್ತೆ."

ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಅಂಥದ್ದೊಂದು ಬೆಳವಣಿಗೆ ಒಳಗೆ ಸದ್ದಿಲ್ಲದೆ ನಡೆಯುತ್ತಿದ್ದಾಗ ನಾನು ಹೊರಗೆ ಸ್ನಾನಕ್ಕೆ ಅವಸರಪಡುತ್ತಿದ್ದೆ. ಒಂದು ಪಾತ್ರೆ ಬಿಸಿನೀರು ಇಟ್ಟು ಎದ್ದು ಹೋದವನಿಗೆ ಅದು ಯಾರ ಬೆನ್ನುಮೂಳೆಯವರೆಗೆ ಹೋಗುತ್ತದೆ ಎಂದು ಹೇಗೆ ತಿಳಿಯಬೇಕು? ಆ ಗಿಡ್ಡ ಮರಿಗಳನ್ನು ನೋಡುತ್ತ ಭಯವೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು. ತಟ್ಟೆ ಇದ್ದುದರಿಂದ ಮುಗಿಯಲಾಗಲಿಲ್ಲ.

ಅಷ್ಟರಲ್ಲಿ ದೊಡ್ಡ ಮೇಡಂ ಒಬ್ಬ ಮೇಲಧಿಕಾರಿಯನ್ನು ಕರೆದುಕೊಂಡು ಬಂದರು. ಹಳ್ಳಕ್ಕೆ ಮರಿ ಬಿಡಲು ಅಪ್ಪಣೆ ಕೊಡಬೇಕಾದವರು ಅವರೇ. ಪ್ರತಿ ತೊಟ್ಟಿಯ ಮೇಲೂ ಒಂದು ಹಲಗೆ ತೂಗುತ್ತಿತ್ತು. ಮೊಟ್ಟೆಗಳು ಯಾವ ಪರಿಸ್ಥಿತಿಯಲ್ಲಿ ಬೆಳೆದವು ಎಂಬುದನ್ನು ಅದರಲ್ಲಿ ಸೀಮೆಸುಣ್ಣದಿಂದ ಬರೆದಿದ್ದರು. ಅಧಿಕಾರಿ ಕನ್ನಡಕ ಏರಿಸಿಕೊಂಡು ಮೊದಲನೆಯದನ್ನು ಓದಿದರು. "ತಂಪು, ಕತ್ತಲೆ." ತಲೆಯಾಡಿಸಿದರು. ಎರಡನೆಯದನ್ನು ಓದಿದರು. "ಅತಿ ತಂಪು, ಮಂದ ಬೆಳಕು." ತಲೆಯಾಡಿಸಿದರು. ಮೂರನೆಯದರ ಮುಂದೆ ನಿಂತರು.

"ಬಿಸಿ, ಗಾಳಿ ಕಡಿಮೆ, ಗಂಡ," ಎಂದು ಓದಿ ಹೆಂಡತಿಯ ಕಡೆ ತಿರುಗಿದರು. "ಮೊದಲೆರಡು ಅರ್ಥ ಆಯ್ತು. ಈ ಮೂರನೇದು ಯಾವ ಉಪಕರಣ?"

"ಅದು ನಮ್ಮ ಹತೋಟಿಗೆ ಸಿಗದ್ದು ಸರ್," ಎಂದಳು ಹೆಂಡತಿ.

ಉಪಕರಣ ಬನ್ನಿನ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿತ್ತು.